ಗ್ರೀನ್ ಮೇಲೆ ತೂತು ಯಾಕೆ ಹೊಡೆಯುತ್ತೀರಿ?

ಗಾಲ್ಫ್ ಮೈದಾನದ ಹುಲ್ಲನ್ನು ಮಳೆಗಾಲಕ್ಕೆ ಹೇಗೆ ಸಿದ್ಧ ಮಾಡುತ್ತೇವೆ ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಆಡುವವರು ಬರೆದಿದ್ದಾರೆ, ಬೇಲಿಯಾಚೆ ನಿಂತು ನೋಡುವವರೂ ಬರೆದಿದ್ದಾರೆ. ಕೋಪದಿಂದ ಬರೆದವರೂ ಇದ್ದಾರೆ. ಎಲ್ಲವನ್ನೂ ಓದಿದೆ.

ಹೊಸಬರಿಗೆ ನನ್ನ ಪರಿಚಯ: ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಮೂವತ್ತೊಂದು ವರ್ಷದಿಂದ ಹುಲ್ಲು ನೋಡಿಕೊಳ್ಳುತ್ತಿದ್ದೇನೆ. ಮಾಲಿಯಾಗಿ ಸೇರಿದವನು. ಚೆಂಡು ಬೀಳಿಸಬೇಕಾದ ಗುಳಿ ಇರುವ, ತೀರಾ ಗಿಡ್ಡ ಹುಲ್ಲಿನ ಜಾಗಕ್ಕೆ ಗ್ರೀನ್ ಅನ್ನುತ್ತೇವೆ. ಅಲ್ಲಿಗೆ ಹೋಗುವ ಅಗಲ ದಾರಿ ಫೇರ್‌ವೇ. ಅದರ ಅಂಚಿನ ಎತ್ತರ ಹುಲ್ಲು ರಫ್. ಇಷ್ಟು ಗೊತ್ತಿದ್ದರೆ ಮುಂದಿನದು ಸುಲಭ.

ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ನಮಗೂ ಸ್ವಲ್ಪ ಬಿಡುವು. ಸರಿಯಾಗಿ ಅದೇ ಹೊತ್ತಿಗೆ ಗ್ರೀನ್ ತುಂಬಾ ತೂತು ಹೊಡೆದು ಮರಳು ಸುರಿಯುತ್ತೀರಿ. ಚೆಂಡು ಕುಣಿಯುತ್ತಾ ಹೋಗುತ್ತದೆ. ಚೆನ್ನಾಗಿರುವ ಹುಲ್ಲನ್ನು ಯಾಕೆ ಹಾಳು ಮಾಡಬೇಕು?
— ಆಟಗಾರರೊಬ್ಬರು, ಜಯನಗರ, ಬೆಂಗಳೂರು

ನಿಮ್ಮ ಬೇಸರ ನ್ಯಾಯವಾದದ್ದೇ ಸರ್. ಆದರೆ ಆ ಹುಲ್ಲು ಮೇಲಿನಿಂದ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ. ಕೆಳಗೆ ಏನಾಗಿದೆ ಅಂತ ಹೇಳುತ್ತೇನೆ.

ಎರಡು ಹತ್ತು ರೂಪಾಯಿ ನಾಣ್ಯ ತೆಗೆದು ಒಂದರ ಮೇಲೊಂದು ಇಡಿ. ಗ್ರೀನ್ ಮೇಲೆ ನಾವು ಹುಲ್ಲು ಉಳಿಸುವುದು ಹೆಚ್ಚುಕಡಿಮೆ ಅಷ್ಟೇ ಎತ್ತರ, ಮೂರೂವರೆ ಮಿಲಿಮೀಟರ್. ಹುಲ್ಲು ತನ್ನ ಊಟವನ್ನು ಎಲೆಯಲ್ಲೇ ಮಾಡಿಕೊಳ್ಳುತ್ತದೆ ಅಲ್ವಾ? ಆ ಎಲೆಯನ್ನೇ ದಿನಾ ಬೆಳಗ್ಗೆ ಕತ್ತರಿಸುತ್ತೇವೆ. ಹಾಗಾಗಿ ಅದು ಬದುಕುವುದು ಬೇರಿನ ಬಲದ ಮೇಲೆ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು.

ಈಗ ತುಳಿತ ನೋಡಿ. ಒಂದು ಗುಂಪಿನಲ್ಲಿ ನಾಲ್ಕು ಜನ ಆಟಗಾರರು, ಅವರ ಚೀಲ ಹೊರುವ ನಾಲ್ಕು ಜನ ಕ್ಯಾಡಿಗಳು. ಎಂಟು ಜನ ಗುಳಿಯ ಸುತ್ತ ನಿಂತು ಹೋಗುತ್ತಾರೆ. ಅವರ ಹಿಂದೆ ಇನ್ನೊಂದು ಗುಂಪು. ಬೆಳಗ್ಗೆ ಆರರಿಂದ ಸಂಜೆ ಆರರ ತನಕ ಹೀಗೇ ನಡೆಯುತ್ತದೆ. ಮಣ್ಣು ಗಟ್ಟಿಯಾಗುತ್ತದೆ. ಅದರ ಜೊತೆಗೆ ಸತ್ತ ಕಾಂಡ, ಬೇರು ಸೇರಿ ಮೇಲ್ಗಡೆ ಒಂದು ಪದರ ಕಟ್ಟುತ್ತದೆ. ಅದಕ್ಕೆ ಥ್ಯಾಚ್ ಅನ್ನುತ್ತಾರೆ, ನಮ್ಮ ಮಾಲಿಗಳು ಚಾಪೆ ಅನ್ನುತ್ತಾರೆ. ಈ ಚಾಪೆ ನೀರನ್ನು ಸ್ಪಂಜಿನ ಹಾಗೆ ಹಿಡಿದುಕೊಳ್ಳುತ್ತದೆ, ಕೆಳಗೆ ಬಿಡುವುದಿಲ್ಲ.

ನಾನು ಸೊಂಟದಲ್ಲಿ ಒಂದು ಚಾಕು ಇಟ್ಟುಕೊಂಡಿರುತ್ತೇನೆ. ಅನುಮಾನ ಬಂದ ಕಡೆ ಬೆರಳಗಲದ ಒಂದು ತುಂಡು ಕೊಯ್ದು ಎತ್ತುತ್ತೇನೆ. ಬೇರು ಬಿಳಿಯಾಗಿ, ಬೆರಳುದ್ದ ಇಳಿದಿದ್ದರೆ ವಾಪಸ್ ಕೂರಿಸಿ ಅಂಗೈಯಿಂದ ಒತ್ತಿ ಹೊರಡುತ್ತೇನೆ. ಬೇರು ಕಂದಾಗಿ ಒಂದಂಗುಲಕ್ಕೇ ನಿಂತಿದ್ದರೆ ಮೂಸಿ ನೋಡುತ್ತೇನೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಪೂರ್ತಿ ನಿಂತಿದೆ ಅಂತ ಅರ್ಥ. ಅಂಥ ಕಡೆ ಮಣ್ಣಿನಲ್ಲಿ ಕಪ್ಪು ಗೆರೆಯೂ ಕಾಣುತ್ತದೆ. ಮೇಲೆ ಹಸಿರು ಇರುವಾಗಲೇ ಕೆಳಗೆ ಹೀಗಾಗಿರುತ್ತದೆ. ಆಟಗಾರರಿಗೆ ತೋರಿಸಲು ಆಗದ ಭಾಗ ಇದೇ.

ಅದಕ್ಕೇ ಕೋರಿಂಗ್. ಹನ್ನೆರಡು ಮಿಲಿಮೀಟರ್ ಅಗಲದ ಟೊಳ್ಳು ಕೊಳವೆಗಳನ್ನು ಎಂಟು ಸೆಂಟಿಮೀಟರ್ ಆಳಕ್ಕೆ ಇಳಿಸಿ ಮಣ್ಣನ್ನು ಹೊರಗೆ ತೆಗೆಯುತ್ತೇವೆ. ಒಂದು ತೂತಿಗೂ ಇನ್ನೊಂದಕ್ಕೂ ಐದು ಸೆಂಟಿಮೀಟರ್ ಅಂತರ. ಲೆಕ್ಕ ಹಾಕಿದರೆ ಗ್ರೀನ್‌ನ ನೂರಕ್ಕೆ ನಾಲ್ಕೂವರೆ ಭಾಗ ಮಾತ್ರ ಹೋಗುತ್ತದೆ. ಅದೇ ತೂತುಗಳಿಗೆ ಮರಳು ತುಂಬುತ್ತೇವೆ. ಮುಂದೆ ಹೊಸ ಬೇರು ಇಳಿಯುವುದು ಆ ಮರಳಿನ ದಾರಿಯಲ್ಲೇ.

ಮೇ ತಿಂಗಳೇ ಯಾಕೆ ಅಂತ ಕೇಳಿದ್ದೀರಿ. ಭರಣಿ ಮಳೆ ಬಿದ್ದು, ಕೃತ್ತಿಕೆ ಕಾಲಿಟ್ಟಾಗ ಬೆಂಗಳೂರಿನ ನೆಲ ಬಿಸಿಯಾಗಿರುತ್ತದೆ, ತೇವವೂ ಇರುತ್ತದೆ, ಬಿಸಿಲೂ ಇರುತ್ತದೆ. ನಮ್ಮ ಹುಲ್ಲು ವರ್ಷದಲ್ಲೇ ಜೋರಾಗಿ ಬೆಳೆಯುವ ಹೊತ್ತು ಅದು. ಎರಡು ಮೂರು ವಾರದಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಹೊಡೆದರೆ ರಾತ್ರಿ ಚಳಿಗೆ ಹುಲ್ಲು ನಿಧಾನ, ತೂತು ಎರಡು ತಿಂಗಳು ಹಾಗೇ ಉಳಿಯುತ್ತದೆ. ಜುಲೈನಲ್ಲಿ ಮೋಡ, ಹುಲ್ಲಿಗೆ ಬಿಸಿಲೇ ಸಾಲದು. ರೈತರು ಬಿತ್ತನೆಗೆ ಹದ ನೋಡುತ್ತಾರಲ್ಲ, ಹಾಗೇ ಇದಕ್ಕೂ ಒಂದು ಹದ ಇದೆ. ರಜೆ ನೋಡಿಕೊಂಡು ಮುಂದೆ ಹಾಕಲು ಆಗುವುದಿಲ್ಲ.

ಮರಳಿನ ಬಗ್ಗೆ ಒಂದು ಘಟನೆ ಹೇಳಬೇಕು. ಸುಮಾರು ವರ್ಷಗಳ ಹಿಂದೆ ಒಬ್ಬ ಸರಬರಾಜುದಾರರು ತೊಳೆದ ಎಂ ಸ್ಯಾಂಡ್ ಅಂತ ಹೇಳಿ ಲೋಡು ಇಳಿಸಿದರು. ಮಳೆ ಹತ್ತಿರ ಬಂದಿತ್ತು, ಪರೀಕ್ಷೆ ಮಾಡದೆ ಏಳನೇ ಗ್ರೀನ್‌ಗೆ ಹಾಕಿಬಿಟ್ಟೆವು. ಅದರಲ್ಲಿ ಕಲ್ಲಿನ ಪುಡಿ ತುಂಬಿತ್ತು. ಮೂರು ತಿಂಗಳಲ್ಲಿ ಆ ಪುಡಿ ಸಿಮೆಂಟಿನ ಹಾಗೆ ಕೂತು ನೀರು ಮೇಲೇ ನಿಂತಿತು. ಸರಿಮಾಡಲು ಎರಡು ವರ್ಷ ಮತ್ತೆ ಮತ್ತೆ ತೂತು ಹೊಡೆಯಬೇಕಾಯಿತು. ಅಂದಿನಿಂದ ಪ್ರತಿ ಲೋಡಿನಿಂದ ಒಂದು ಹಿಡಿ ಮರಳು ತೆಗೆದು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ, ಅರ್ಧ ಗಂಟೆ ಬಿಡುತ್ತೇನೆ. ಮೇಲಿನ ನೀರು ತಿಳಿಯಾಗದೆ ಕದಡಿಕೊಂಡೇ ಇದ್ದರೆ ಲಾರಿ ವಾಪಸ್.

ಇದು ನಮ್ಮ ಹೊಸ ಕಂಡುಹಿಡಿತವೇನೂ ಅಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 1860ರ ದಶಕದಿಂದ ಮೈದಾನ ನೋಡಿಕೊಂಡ ಓಲ್ಡ್ ಟಾಮ್ ಮಾರಿಸ್ ಹುಲ್ಲಿಗೆ ಮರಳು ಹಾಕುವುದನ್ನೇ ದೊಡ್ಡ ಮದ್ದು ಅಂತ ನಂಬಿದ್ದರು. ಅಲ್ಲಿನ ಓಲ್ಡ್ ಕೋರ್ಸ್ ಇವತ್ತಿಗೂ ಭಾನುವಾರ ಸಾಮಾನ್ಯ ಆಟಕ್ಕೆ ಮುಚ್ಚಿರುತ್ತದೆ. ಊರಿನ ಜನ ನಾಯಿ, ಮಕ್ಕಳನ್ನು ಕರೆದುಕೊಂಡು ಅಡ್ಡಾಡುತ್ತಾರೆ. ಜಗತ್ತಿನ ಅತಿ ಹೆಸರಾದ ಮೈದಾನ ವಾರಕ್ಕೊಂದು ದಿನ ಹುಲ್ಲಿಗೆ ಬಿಡುವು ಕೊಡುತ್ತದೆ. ನಾವು ಕೇಳುವುದು ವರ್ಷಕ್ಕೆ ಎರಡು ಮೂರು ವಾರ ಸರ್. ದಯವಿಟ್ಟು ಕೊಡಿ.

ಗ್ರೀನ್‌ನಲ್ಲಿ ಬೆಳೆಸುವುದು ನಮ್ಮ ಗಣಪತಿಗೆ ಏರಿಸುವ ಗರಿಕೆಯನ್ನೇ ಅಂತ ಒಬ್ಬರು ಹೇಳಿದರು. ನಿಜವೇ?
— ಓದುಗರೊಬ್ಬರು, ಶಿರಸಿ

ನಿಜ. ಬರ್ಮುಡಾ ಗ್ರಾಸ್ ಅಂತ ಹೊರಗಿನವರು ಕರೆಯುವುದು ನಮ್ಮ ಗರಿಕೆಯನ್ನೇ. ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯ ಸಂದಿಯಲ್ಲಿ ಬೆಳೆಯುತ್ತದಲ್ಲ, ಅದೇ ಜಾತಿ. ಗ್ರೀನ್‌ಗೆ ಹಾಕುವುದು ಅದರ ಮಿಶ್ರ ತಳಿ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಸಾಮಾನ್ಯ ಗರಿಕೆಯನ್ನು ಆಫ್ರಿಕಾದ ಸಣ್ಣ ಎಲೆಯ ಗರಿಕೆಯ ಜೊತೆ ಸೇರಿಸಿ ಹಲವು ತಳಿ ತೆಗೆದರು. ಊರಿನ ಹೆಸರೇ ತಳಿಗಳಿಗೂ ಬಂತು: 1956ರಲ್ಲಿ ಟಿಫ್‌ಗ್ರೀನ್, 1965ರಲ್ಲಿ ಟಿಫ್‌ಡ್ವಾರ್ಫ್. ನಮ್ಮ ದೇಶದ ಎಷ್ಟೋ ಗ್ರೀನ್‌ಗಳಲ್ಲಿ ಇರುವುದು ಟಿಫ್‌ಡ್ವಾರ್ಫ್. ಈ ಮಿಶ್ರ ತಳಿಯ ಗರಿಕೆ ಬೀಜ ಕಟ್ಟುವುದಿಲ್ಲ. ಹಂಬನ್ನು ತುಂಡು ಮಾಡಿ ನಾಟಿ ಮಾಡಬೇಕು. ಅದಕ್ಕೇ ಪ್ರತಿ ಮೈದಾನದಲ್ಲೂ ಮೂಲೆಯಲ್ಲೊಂದು ನರ್ಸರಿ ಗ್ರೀನ್ ಇಟ್ಟುಕೊಳ್ಳುತ್ತೇವೆ. ಎಲ್ಲಾದರೂ ಹುಲ್ಲು ಹೋದರೆ ಅಲ್ಲಿಂದ ತಂದು ತೇಪೆ ಹಾಕುತ್ತೇವೆ.

ಚೌತಿಯ ದಿನ ನಮ್ಮ ಶೆಡ್ಡಿನಲ್ಲಿ ಪೂಜೆ ಇರುತ್ತದೆ. ಆದರೆ ಗಣಪತಿಗೆ ಗ್ರೀನ್‌ನ ಹುಲ್ಲು ಏರಿಸುವುದಿಲ್ಲ, ಔಷಧಿ ಹೊಡೆದಿರುತ್ತೇವಲ್ಲ. ಕೆರೆಯಂಚಿನಲ್ಲಿ ತಾನೇ ಬೆಳೆದ ನಾಟಿ ಗರಿಕೆ ಕಿತ್ತು ತರುತ್ತೇವೆ.

ನಮ್ಮ ಬೀದಿಗೆ ನೀರು ಬರುವುದು ವಾರಕ್ಕೆ ಎರಡು ದಿನ. ನೀವು ಆಟದ ಹುಲ್ಲಿಗೆ ಲಕ್ಷಗಟ್ಟಲೆ ಲೀಟರ್ ಸುರಿಯುತ್ತೀರಿ. ನಿಮಗೆ ಏನೂ ಅನಿಸುವುದಿಲ್ಲವೇ?
— ಗೃಹಿಣಿಯೊಬ್ಬರು, ಬೆಂಗಳೂರು

ಅನಿಸುತ್ತದೆ ಅಮ್ಮಾ. ನನ್ನ ಮನೆಯೂ ಇದೇ ಊರಿನಲ್ಲಿದೆ, ನಾವೂ ಟ್ಯಾಂಕರ್‌ಗೆ ಕಾದವರೇ. ಹಾಗಾಗಿ ಲೆಕ್ಕವನ್ನೇ ಮುಂದೆ ಇಡುತ್ತೇನೆ.

ಒಂದು ಗ್ರೀನ್ ಸುಮಾರು ಐನೂರು ಚದರ ಮೀಟರ್. ಹದಿನೆಂಟು ಗ್ರೀನ್ ಸೇರಿದರೆ ಒಂಬತ್ತು ಸಾವಿರ. ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಕೊಟ್ಟರೆ 45,000 ಲೀಟರ್ ಆಗುತ್ತದೆ. ಆರು ಸಾವಿರ ಲೀಟರಿನ ಏಳೂವರೆ ಟ್ಯಾಂಕರ್. ಫೇರ್‌ವೇ ಇಪ್ಪತ್ತೈದು ಎಕರೆ ಇದ್ದರೆ, ಅದಕ್ಕೂ ಅಷ್ಟೇ ಕೊಡಲು ಹೋದರೆ ಐದು ಲಕ್ಷ ಲೀಟರ್ ದಾಟುತ್ತದೆ. ಉಳಿಸಲು ಸಾಧ್ಯವಿರುವುದು ಅಲ್ಲೇ.

ಗರಿಕೆ ಬಿಸಿಲಿಗೆ ಕಂದಾಗುತ್ತದೆ, ಸಾಯುವುದಿಲ್ಲ. ನೆಲದೊಳಗಿನ ಕಾಂಡ ಜೀವ ಹಿಡಿದುಕೊಂಡಿರುತ್ತದೆ. ಮೊದಲ ಮಳೆಗೆ ವಾರದಲ್ಲಿ ಚಿಗುರುತ್ತದೆ. ಅದಕ್ಕೆ ನಾವು ರಫ್‌ಗೆ ಬೇಸಿಗೆಯಲ್ಲಿ ಒಂದು ಹನಿಯೂ ಹಾಕುವುದಿಲ್ಲ. ಫೇರ್‌ವೇಗೆ ವಾರಕ್ಕೆ ಎರಡು ಸಲ ಮಾತ್ರ. ಟಿವಿಯಲ್ಲಿ ನೋಡಿದ ಹಸಿರೇ ಇಲ್ಲೂ ಬೇಕು ಅಂತ ಕೇಳುವ ಸದಸ್ಯರಿಗೆ ನಾನು ಪ್ರತಿ ವರ್ಷ ಇದನ್ನೇ ಹೇಳುತ್ತೇನೆ: ಮಾರ್ಚ್‌ನಲ್ಲಿ ಫೇರ್‌ವೇ ಕಂದಾಗಿರುವುದು ತಪ್ಪಲ್ಲ.

ಇನ್ನು ಎಂಥ ನೀರು ಅನ್ನುವುದು. ನಾವು ಬಳಸುವುದು ಶುದ್ಧೀಕರಿಸಿದ ಕೊಳಚೆ ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತಲ್ಲ, ಆಗ ನಾವು ಏನನ್ನೂ ಬದಲಾಯಿಸಬೇಕಾಗಲಿಲ್ಲ. ಆದರೆ ಈ ನೀರಿನಲ್ಲಿ ಉಪ್ಪು ಜಾಸ್ತಿ. ಸೋಡಿಯಂ ಮಣ್ಣಿನಲ್ಲಿ ಸೇರಿಕೊಂಡು ನೀರು ಇಳಿಯುವ ದಾರಿ ಮುಚ್ಚುತ್ತದೆ. ಜಿಪ್ಸಮ್ ಹಾಕಿ, ಒಳ್ಳೆಯ ಮಳೆ ಬಂದಾಗ ಆ ಉಪ್ಪನ್ನು ಕೆಳಗೆ ತೊಳೆದು ಕಳಿಸಬೇಕು. ಭರಣಿ ಮಳೆಗೆ ರೈತರಷ್ಟೇ ನಾನೂ ಕಾಯುವುದು ಇದಕ್ಕೇ. ಕಾವೇರಿ ನೀರನ್ನಾಗಲೀ ಬೋರ್‌ವೆಲ್ ನೀರನ್ನಾಗಲೀ ಹುಲ್ಲಿಗೆ ಹಾಕುವ ಮೈದಾನ ಎಲ್ಲೇ ಇದ್ದರೂ ಅದು ನಿಲ್ಲಬೇಕು. ಆ ವಿಷಯದಲ್ಲಿ ನಾನು ನಿಮ್ಮ ಕಡೆಯವನು.

ಮೈದಾನದ ಪಕ್ಕದ ರಸ್ತೆಯಲ್ಲಿ ವಾಕಿಂಗ್ ಹೋಗುತ್ತೇನೆ. ಮಳೆಗಾಲದ ಬೆಳಗ್ಗೆ ಇಬ್ಬರು ಉದ್ದನೆಯ ಕೋಲು ಹಿಡಿದು ಹುಲ್ಲಿನ ಮೇಲೆ ಬೀಸುತ್ತಿರುತ್ತಾರೆ. ಹಾವು ಓಡಿಸುತ್ತಿದ್ದಾರಾ?
— ನಿವೃತ್ತ ಶಿಕ್ಷಕರೊಬ್ಬರು, ಮೈಸೂರು

ಇಲ್ಲ ಮೇಷ್ಟ್ರೇ, ಇಬ್ಬನಿ ಹೊಡೆಯುತ್ತಿದ್ದಾರೆ. ಬಳುಕುವ ಉದ್ದ ಕೋಲು, ತುದಿ ಹುಲ್ಲನ್ನು ಸವರಿಕೊಂಡು ಹೋಗಬೇಕು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಕೋಲು ಹಾದುಹೋದ ಕಡೆ ಬೂದು ಬಣ್ಣ ಹೋಗಿ ಗಾಢ ಹಸಿರು ಬರುತ್ತದೆ.

ಆ ಹನಿಗಳೆಲ್ಲ ಆಕಾಶದ್ದಲ್ಲ. ಮಂಡಿಯೂರಿ ಹತ್ತಿರದಿಂದ ನೋಡಿದರೆ ಒಂದೊಂದು ಎಲೆಯ ತುದಿಯಲ್ಲೂ ಒಂದೊಂದು ದುಂಡನೆಯ ಹನಿ ಕೂತಿರುತ್ತದೆ. ಅದನ್ನು ಹುಲ್ಲೇ ರಾತ್ರಿ ಒಳಗಿನಿಂದ ಹೊರಹಾಕಿದ್ದು. ಅದರಲ್ಲಿ ಸ್ವಲ್ಪ ಸಕ್ಕರೆಯ ಅಂಶ, ಸಾರ ಇರುತ್ತದೆ. ಬೂಷ್ಟಿಗೆ ಅದೇ ಹಬ್ಬದೂಟ. ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಸೂರ್ಯ ಕಾಣದಿದ್ದರೆ ನಸುಕಿನಲ್ಲಿ ಗ್ರೀನ್ ಮೇಲೆ ಜೇಡರ ಬಲೆಯಂಥ ಬಿಳಿ ನೂಲು ಕಾಣಿಸುತ್ತದೆ. ಬಿಸಿಲು ಬಂದರೆ ನೂಲು ಮಾಯ. ಎರಡು ದಿನದಲ್ಲಿ ಅದೇ ಜಾಗದಲ್ಲಿ ನಾಣ್ಯದಷ್ಟು ಅಗಲದ ಒಣ ಹುಲ್ಲಿನ ಚುಕ್ಕೆಗಳು ಏಳುತ್ತವೆ. ಡಾಲರ್ ಸ್ಪಾಟ್ ರೋಗ ಇದು. ಹೊಟ್ಟೆಗಿಲ್ಲದೆ ಸೊರಗಿದ ಹುಲ್ಲಿಗೆ ಬೇಗ ಹತ್ತುತ್ತದೆ.

ಇದಕ್ಕೆ ಔಷಧಿ ಇದೆ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಜಾಸ್ತಿ ಇದೆ. ಆರು ಗಂಟೆಯೊಳಗೆ ಇಬ್ಬನಿ ಬೀಳಿಸಬೇಕು. ಸಾರಜನಕ ಗೊಬ್ಬರವನ್ನು ಚಿಟಿಕೆ ಚಿಟಿಕೆಯಾಗಿ ಕೊಡುತ್ತಿರಬೇಕು. ಕಟಾವಿನ ಎತ್ತರ ಒಂದು ಮಿಲಿಮೀಟರ್ ಏರಿಸಬೇಕು. ಒಂದು ಗ್ರೀನ್ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಯಂತ್ರ ತೊಳೆಯಬೇಕು. ಇಲ್ಲದಿದ್ದರೆ ರೋಗವನ್ನು ನಾವೇ ಹೊತ್ತುಕೊಂಡು ಹೋದ ಹಾಗೆ.

ನಮ್ಮ ಏಳನೇ ಗ್ರೀನ್‌ನ ಪೂರ್ವಕ್ಕೆ ದೊಡ್ಡ ಮಳೆಮರ ಇದೆ. ಅದರ ನೆರಳಿಗೆ ಒಂಬತ್ತೂವರೆಯಾದರೂ ಇಬ್ಬನಿ ಆರುತ್ತಿರಲಿಲ್ಲ. ಮರ ತೆಗೆಯಿರಿ ಅಂದವರಿದ್ದರು. ಒಂದು ತಿಂಗಳು ದಿನಾ ಏಳು ಗಂಟೆಗೆ ನೆರಳಿನ ಅಂಚಿಗೆ ಗೂಟ ಹೊಡೆದು ಗುರುತು ಮಾಡಿದೆ. ಕೆಳಗಿನ ಎರಡು ಕೊಂಬೆಗಳೇ ಬೆಳಕು ತಡೆಯುತ್ತಿದ್ದವು. ಅವೆರಡನ್ನೇ ಕತ್ತರಿಸಿದೆವು. ಮರ ಇವತ್ತಿಗೂ ಇದೆ, ರೋಗ ಅರ್ಧಕ್ಕಿಂತ ಕಡಿಮೆಯಾಗಿದೆ.

ಸ್ಕಾಟ್ಲೆಂಡಿಗೆ ಬಂದು ಎರಡು ವರ್ಷ. ಇಲ್ಲಿ ಚಳಿಗಾಲದ ಬೆಳಗ್ಗೆ ಬಿಸಿಲಿದ್ದರೂ ಗ್ರೀನ್ ಮೇಲೆ ಕಾಲಿಡಲು ಬಿಡುವುದಿಲ್ಲ. ಮಳೆ ಇಲ್ಲ, ಹಿಮ ಬಿದ್ದಿಲ್ಲ. ಯಾಕೆ?
— ಕನ್ನಡಿಗರೊಬ್ಬರು, ಎಡಿನ್‌ಬರೊ

ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ, ಎಲೆಯೊಳಗಿನ ನೀರೂ ಗಡ್ಡೆ ಕಟ್ಟಿರುತ್ತದೆ. ಆಗ ತುಳಿದರೆ ಎಲೆ ಬಾಗುವುದಿಲ್ಲ, ಒಳಗೊಳಗೇ ಒಡೆಯುತ್ತದೆ. ಸ್ವಲ್ಪ ಹೊತ್ತಿನ ನಂತರ ನಿಮ್ಮ ಹೆಜ್ಜೆಯ ಆಕಾರದಲ್ಲೇ ಹುಲ್ಲು ಕಪ್ಪಾಗುತ್ತದೆ. ಚಳಿಯಲ್ಲಿ ಬೆಳವಣಿಗೆ ಇಲ್ಲದ ಕಾರಣ ಆ ಗುರುತು ವಾರಗಟ್ಟಲೆ ಇರುತ್ತದೆ. ತಾನಾಗಿ ಕರಗುವ ತನಕ ಕಾಯಲೇಬೇಕು. ಇದನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಊಟಿಯಲ್ಲೂ ಡಿಸೆಂಬರ್, ಜನವರಿಯ ಬೆಳಗ್ಗೆ ಹುಲ್ಲು ಹೀಗೇ ಬೆಳ್ಳಗಿರುತ್ತದೆ.

ಮನೆ ಮುಂದೆ ಮಾವಿನ ಮರದ ಕೆಳಗೆ ಗರಿಕೆ ಲಾನ್ ಮಾಡಿಸಿದೆ. ಎರಡು ಸಲವೂ ಹೋಯಿತು. ಮೂರನೇ ಸಲ ಏನು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಗರಿಕೆ ಹಾಕಬೇಡಿ. ಅದಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಎಷ್ಟು ಗೊಬ್ಬರ ಹಾಕಿದರೂ ನೆರಳಿನಲ್ಲಿ ನಿಲ್ಲುವುದಿಲ್ಲ. ನರ್ಸರಿಯಲ್ಲಿ ನೆರಳಿಗೆ ಬರುವ ಅಗಲ ಎಲೆಯ ಹುಲ್ಲು ಕೇಳಿ. ಅದನ್ನು ಎರಡು ಅಂಗುಲಕ್ಕಿಂತ ಕೆಳಗೆ ಕತ್ತರಿಸಬೇಡಿ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಯಂತ್ರದ ಅಲಗು ಹರಿತ ಇದೆಯಾ ನೋಡಿಕೊಳ್ಳಿ. ನಾವು ಉರುಳೆ ಮೋವರ್‌ನ ಅಲಗಿನ ನಡುವೆ ಹಳೇ ಪೇಪರಿನ ಪಟ್ಟಿ ಹಿಡಿದು ತಿರುಗಿಸಿ ನೋಡುತ್ತೇವೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗಬೇಕು. ಮಡಚಿಕೊಂಡರೆ ಆ ಯಂತ್ರ ಅವತ್ತು ಶೆಡ್ಡಿನಿಂದ ಹೊರಡುವುದಿಲ್ಲ.

ನಾನು ಕೊಡಗಿನಲ್ಲಿ ಕ್ಯಾಡಿ. ಗುಳಿ ಬದಲಾಯಿಸುವುದನ್ನು ಕಲಿಯಬೇಕು. ನಾನು ಹಾಕಿದ ಕಡೆ ಹಳೇ ಜಾಗ ಒಣಗುತ್ತದೆ. ತಪ್ಪು ಎಲ್ಲಿ?
— ಯುವಕರೊಬ್ಬರು, ವಿರಾಜಪೇಟೆ

ಒಳ್ಳೆಯ ಪ್ರಶ್ನೆ ತಮ್ಮಾ. ಹೊಸ ಗುಳಿಯಿಂದ ಬಂದ ಹುಲ್ಲಿನ ಬಿಲ್ಲೆಯನ್ನು ಹಳೇ ಗುಳಿಗೆ ಕೂರಿಸುತ್ತೀಯಲ್ಲ, ಅದು ಬಹುಶಃ ಸುತ್ತಲ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಕೂರುತ್ತಿದೆ. ಮಾರನೇ ದಿನ ಮೋವರ್ ಅದರ ತಲೆ ಬೋಳಿಸುತ್ತದೆ. ಕೆಳಗೆ ಕೂತರೆ ನೀರು ನಿಲ್ಲುತ್ತದೆ. ಕೂರಿಸಿದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸು. ಅಂಚು ಕೈಗೆ ತಗುಲಬಾರದು. ಬಿಲ್ಲೆಯ ಕೆಳಗೆ ಪೊಳ್ಳು ಇರದ ಹಾಗೆ ಮೊದಲು ಮಣ್ಣು ತುಂಬಿ ಗಟ್ಟಿ ಮಾಡು. ಆಮೇಲೆ ಒಂದು ಲೋಟ ನೀರು ಹಾಕು.

ಗುಳಿಯ ಅಗಲ ನಾಲ್ಕೂಕಾಲು ಅಂಗುಲ, ಒಳಗಿನ ಕಪ್ ನೆಲಮಟ್ಟದಿಂದ ಕನಿಷ್ಠ ಒಂದಂಗುಲ ಕೆಳಗೆ ಇರಬೇಕು. ನಿಮ್ಮ ಕಡೆ ಮಳೆ ಹೆಚ್ಚು. ರಾತ್ರಿ ಮಳೆ ಬರುವ ಹಾಗಿದ್ದರೆ ಗ್ರೀನ್‌ನ ಎತ್ತರದ ಜಾಗವನ್ನೇ ಆರಿಸಿಕೋ. ಇನ್ನೊಂದು ಮಾತು. ಚೆಂಡು ಬಿದ್ದು ಆದ ಕುಳಿಯನ್ನು ಆಟಗಾರರು ಕಡ್ಡಿ ಹಾಕಿ ಕೆಳಗಿನಿಂದ ಮೇಲಕ್ಕೆ ಮೀಟುತ್ತಾರೆ. ಹಾಗೆ ಮಾಡಿದರೆ ಬೇರು ಹರಿಯುತ್ತದೆ. ಅಂಚಿನ ಹುಲ್ಲನ್ನು ನಾಲ್ಕೂ ಕಡೆಯಿಂದ ನಡುವಿಗೆ ದೂಡಿ, ಮೇಲೆ ತಟ್ಟಬೇಕು. ಗೌರವದಿಂದ ಅವರಿಗೆ ಮಾಡಿ ತೋರಿಸು. ನೋಡಿದವರು ಮರೆಯುವುದಿಲ್ಲ.

ನನ್ನ ಮಗ ಪಿಯುಸಿ ಮುಗಿಸಿದ್ದಾನೆ. ಗಾಲ್ಫ್ ಮೈದಾನದ ಹುಲ್ಲಿನ ಕೆಲಸ ಕಲಿಯುತ್ತೇನೆ ಅನ್ನುತ್ತಾನೆ. ಇದೂ ಒಂದು ಓದಾ? ಕಳಿಸಬಹುದಾ?
— ತಾಯಿಯೊಬ್ಬರು, ಹಾಸನ

ಓದೇ ಅಮ್ಮಾ. ವಿಜ್ಞಾನ ತೆಗೆದುಕೊಂಡಿದ್ದರೆ ತೋಟಗಾರಿಕೆಯ ಪದವಿಗೆ ಹಾಕಿ. 2008ರಲ್ಲಿ ಶುರುವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಕೃಷಿ ಪದವಿಗೆ ಬೆಂಗಳೂರಿನ ಜಿಕೆವಿಕೆ ಇದೆ. ಮಣ್ಣು, ಬೂಷ್ಟು, ಗೊಬ್ಬರ, ನೀರಾವರಿ ಎಲ್ಲ ಅಲ್ಲಿ ಕಲಿಯುತ್ತಾನೆ. ಜೊತೆಗೆ ಯಂತ್ರ ಬಿಚ್ಚಿ ಜೋಡಿಸಲು ಬಂದರೆ ಇನ್ನೂ ಒಳ್ಳೆಯದು.

ಆದರೆ ಸೇರಿಸುವ ಮುಂಚೆ ಈ ಮಳೆಗಾಲದಲ್ಲಿ ಹತ್ತಿರದ ಯಾವುದಾದರೂ ಮೈದಾನದಲ್ಲಿ ಕೇಳಿಕೊಂಡು ಹದಿನೈದು ದಿನ ಕೆಲಸಕ್ಕೆ ಬಿಡಿ. ಬೆಳಗ್ಗೆ ಐದಕ್ಕೆ ಹೋಗಬೇಕು, ಗಮ್‌ಬೂಟು ಬೇಕು. ಮೊದಲ ದಿನ ಜೇಕು ಅನ್ನುವ ಕಳೆ ಕೀಳಲು ಕೂರಿಸುತ್ತಾರೆ. ಅದರ ಗೆಡ್ಡೆ ನೆಲದೊಳಗೆ ಒಂದಕ್ಕೊಂದು ಸರದ ಹಾಗೆ ಪೋಣಿಸಿಕೊಂಡಿರುತ್ತದೆ. ಎಲೆ ಮಾತ್ರ ಕಿತ್ತರೆ ಹತ್ತು ದಿನದಲ್ಲಿ ಮತ್ತೆ ಬರುತ್ತದೆ. ಗೆಡ್ಡೆಯ ತನಕ ಕೈ ಇಳಿಸಿ, ಮುರಿಯದ ಹಾಗೆ ಎಳೆಯಬೇಕು. ಸಂಜೆ ಮನೆಗೆ ಬಂದಾಗ ಎಷ್ಟು ಗೆಡ್ಡೆ ಸಿಕ್ಕಿತು ಅಂತ ಅವನನ್ನು ಕೇಳಿ.